ಚಿಕ್ಕಪ್ಪ ತಂದ ಮೊದಲ ವೈನ್

ಚಿಕ್ಕಪ್ಪ ಫ್ರಿಜ್ ರಿಪೇರಿ ಮಾಡುವವರು. ಸೆಕೆಗಾಲ ಬಂದರೆ ಇಡೀ ಬೀದಿಗೆ ಅವರೇ ಬೇಕು. ಅವರ ಮಟ್ಟಿಗೆ ತಣ್ಣಗಿಲ್ಲದ ವಸ್ತುವೆಂದರೆ ಕೆಟ್ಟುಹೋದ ವಸ್ತು. ಮದುವೆಯ ವಾರ್ಷಿಕೋತ್ಸವಕ್ಕೆಂದು ಅವರು ಜೀವನದಲ್ಲೇ ಮೊದಲ ಸಲ ಕೆಂಪು ವೈನ್ ತಂದರು.

“ಒಂದೇ ಒಂದು ಸಲ ರುಚಿ ನೋಡ್ತೀನಿ ರೀ. ಹಿಡಿಸಲಿಲ್ಲ ಅಂದ್ರೆ ಇನ್ಯಾವತ್ತೂ ಇದು ಮನೆಯೊಳಗೆ ಬರಬಾರದು,” ಎಂದು ಚಿಕ್ಕಮ್ಮ ಕಡ್ಡಿ ಮುರಿದಂತೆ ಹೇಳಿಬಿಟ್ಟರು.

ಹೆದರಿದ ಚಿಕ್ಕಪ್ಪ ನನ್ನ ಸಲಹೆ ಕೇಳಿದರು. ನಾನು ಆಫೀಸಿನ ಪಾರ್ಟಿಯಲ್ಲಿ ಎರಡು ಸಲ ವೈನ್ ಕುಡಿದವನು. ಅಷ್ಟಕ್ಕೇ ನಮ್ಮ ವಂಶದ ಪಂಡಿತ. “ಬಿಸಿಲು ತಾಗದ ಕಡೆ ಮಲಗಿಸಿಡಿ. ಕೊಡುವಾಗ ಸ್ವಲ್ಪ ತಣ್ಣಗಿರಲಿ,” ಎಂದೆ. ಎಷ್ಟು ತಣ್ಣಗೆ ಎಂದು ಅವರು ಕೇಳಲಿಲ್ಲ. ಕೇಳಿದ್ದರೂ ನನಗೆ ಗೊತ್ತಿರಲಿಲ್ಲ.

ಸಂಜೆ ಹೋಗಿ ನೋಡಿದರೆ ಬಾಟಲಿ ಫ್ರೀಜರಿನಲ್ಲಿ ಹಾಯಾಗಿ ಮಲಗಿತ್ತು. ಬಿರಡೆ ಅರ್ಧ ಹೊರಗೆ ಬಂದಿತ್ತು.

“ಬೆಳಗ್ಗೆಯಿಂದ ಇಟ್ಟಿದೀನಿ ಕಣೋ. ಹೇಗಿದೆ?”

“ಚಿಕ್ಕಪ್ಪ, ಇದು ವೈನು! ಐಸ್ ಕ್ಯಾಂಡಿ ಅಲ್ಲ!”

ಗಾಜಿನ ಲೋಟಕ್ಕೆ ಬಗ್ಗಿಸಿದಾಗ ಕೆಂಪು ಮಂಜುಗಡ್ಡೆಯ ಪುಡಿ ದಬಕ್ಕನೆ ಬಿತ್ತು. ಲೋಟ ತಿರುಗಿಸಿ ಪರಿಮಳ ನೋಡುವ ವಿದ್ಯೆಯನ್ನು ಪ್ರದರ್ಶಿಸಲು ಹೊರಟೆ. ಲೋಟ ತಿರುಗಿತು, ವೈನ್ ಮಿಸುಕಲಿಲ್ಲ. ಚಿಕ್ಕಪ್ಪನ ಮುಖ ಇಷ್ಟು ಸಣ್ಣದಾಯಿತು.

ಚಿಕ್ಕಮ್ಮ ನಮ್ಮಿಬ್ಬರನ್ನೂ ಒಮ್ಮೆ ನೋಡಿ, ಚಮಚ ತಂದು, ಒಂದಿಷ್ಟು ಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚಿದರು.

“ರೀ,” ಎಂದರು ಕೊನೆಗೆ, ಚಮಚ ಮತ್ತೆ ಲೋಟಕ್ಕೆ ಇಳಿಸುತ್ತಾ, “ಮುಂದಿನ ಸಲ ದೊಡ್ಡ ಬಾಟಲಿ ತನ್ನಿ. ಇವನನ್ನ ಮಾತ್ರ ಏನೂ ಕೇಳಬೇಡಿ.”