ಪಡಸಾಲಿಯೂ ಸಾಲಿಯೇ

ತಾರಾಬಾಯಿ ಬೆಳಗಾವಿಯ ಜೈನರ ಮನೆಯ ಮಗಳು. ಮೈ ನೆರೆದು ಗಂಡನ ಮನೆಗೆ ಹೋಗಿ ವರ್ಷವಾಗುವಷ್ಟರಲ್ಲಿ ಗಂಡ ಪ್ಲೇಗಿಗೆ ತುತ್ತಾದ. ತವರಿಗೆ ಮರಳಿ, ಅಣ್ಣ ಧನ್ಯಕುಮಾರನ ಮನೆಯಲ್ಲಿ ಅಕ್ಕಿ ಆರಿಸುತ್ತ, ಅತ್ತಿಗೆಯ ಕೊಂಕು ನುಂಗುತ್ತ ಕೆಲವು ಕಾಲ ಕಳೆದಳು. ಆಮೇಲೆ ಹಟ ಹಿಡಿದು ಧಾರವಾಡಕ್ಕೆ ಹೋಗಿ ಟ್ರೇನಿಂಗ್ ಮುಗಿಸಿ ಬಂದಳು. ಖಾನಾಪುರದ ಹತ್ತಿರದ ಒಂದು ಹಳ್ಳಿಯ ಶಾಲೆಗೆ ನೇಮಕವಾದಾಗ ಅಣ್ಣ ಸ್ಟೇಶನ್ನಿನವರೆಗೂ ಬರಲಿಲ್ಲ. ರೈಲಿನಲ್ಲಿ ಒಬ್ಬಳೇ ಕೂತು ಅತ್ತಳು ನಿಜ, ಆದರೆ ಅದು ಸಂತೋಷದ ಅಳು.

ಇರುವೆ ಕಂಡರೆ ಕಾಲು ಎತ್ತಿಡುವ ಹೆಂಗಸು. ಮಕ್ಕಳ ಮೇಲೆ ಬೆತ್ತ ಎತ್ತಿದವಳಲ್ಲ.

ಆ ವರ್ಷವೇ ಸರಕಾರದ ಹುಕುಂ ಬಂದಿತ್ತು: ಯಾವ ಜಾತಿಯ ಮಗುವನ್ನೂ ಶಾಲೆಯ ಹೊರಗೆ ಕೂರಿಸಕೂಡದು, ಕೂರಿಸಿದರೆ ಗ್ರಾಂಟು ಬಂದ್. ಊರಾಚೆಯ ಕೇರಿಯಿಂದ ಸತ್ಯವ್ವ ತನ್ನ ಮಗಳು ಕಾಡವ್ವನನ್ನು ಕರೆತಂದಳು. ಹುಡುಗಿ ಪಾಸಾಗುತ್ತ ಹೋದರೆ ಓದಲಿ, ಇಲ್ಲದಿದ್ದರೆ ಹೆಂಚಿನ ಭಟ್ಟಿಯಲ್ಲಿ ಮಣ್ಣು ಹೊರಲಿ ಎಂದು ಗಂಡ ಹೇಳಿದ್ದನಂತೆ. ಶಾಲಾ ಕಮಿಟಿಯ ಹಿರಿಯ ಬಾಳಾಸಾಹೇಬ ಮೀಸೆ ತಿರುವಿ ಯೋಚಿಸಿದ. ಸರಕಾರ ಚಾಪೆಯ ಕೆಳಗೆ ತೂರಿದರೆ ರಂಗೋಲಿಯ ಕೆಳಗೆ ತೂರುವ ಆಸಾಮಿ ಅವನು.

"ಸರಕಾರ ಏನಂದೈತಿ? ಸಾಲ್ಯಾಗ ಕುಂದರಸ್ರಿ ಅಂದೈತಿ. ಪಡಸಾಲಿನೂ ಸಾಲಿನ ಅಲ್ಲೇನ್ರಿ, ಅಕ್ಕೋರ?"

ಕಮಿಟಿಯವರೆಲ್ಲ ನಕ್ಕರು. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ. ತಾರಾಬಾಯಿ ಅವನದೇ ಹಿತ್ತಿಲಿನ ಖೋಲಿಯಲ್ಲಿ ಬಾಡಿಗೆಗಿದ್ದಳು. ಅವಳೂ ತುಟಿ ಅರಳಿಸಿದಳು.

ಹಾಗೆಂದು ಕಲಿಸುವುದರಲ್ಲಿ ಭೇದ ಮಾಡಿದಳೇ? ಇಲ್ಲ, ಅವಳ ಮಟ್ಟಿಗೆ ಇಲ್ಲ. ಹೊಸಿಲಿನ ಒಳಬದಿಗೆ ಕೂತು ಮರಳಿನ ಮೇಲೆ ಅಕ್ಷರ ಬರೆಯುತ್ತಿದ್ದಳು. ಉಳಿದ ಮಕ್ಕಳು ಅವಳ ಮಗ್ಗುಲಲ್ಲಿ. ಕಾಡವ್ವ ಹೊಸಿಲಿನಾಚೆ ಪಡಸಾಲಿಯಲ್ಲಿ, ಅವಳಿಗೆ ಎದುರಾಗಿ. ಉಳಿದವರ ಕೈ ಹಿಡಿದು ತಿದ್ದಿಸಿದಳು. ಕಾಡವ್ವನ ಕೈಯನ್ನು ಯಾರು ಹಿಡಿಯಬೇಕು? ಹುಡುಗಿ ನೋಡಿ ನೋಡಿಯೇ ಬರೆದಳು. ಬರೆದ ಪಾಟಿಯನ್ನು ಹೊಸಿಲಿನ ಬಳಿ ಇಡುವಳು, ತಾರಾಬಾಯಿ ಮುಟ್ಟದೆ ಈಚೆಯಿಂದಲೇ ಬಗ್ಗಿ ನೋಡುವಳು. ಅಕ್ಷರ ಮುತ್ತು ಪೋಣಿಸಿದಂತಿರುತ್ತಿದ್ದವು. ಪುಸ್ತಕವನ್ನೂ ತನಗೆ ನೆಟ್ಟಗೆ ಕಾಣುವಂತೆ ಹೊಸಿಲಿನ ಮೇಲೆ ತೆರೆದಿಟ್ಟು ಓದಿಸುತ್ತಿದ್ದಳು. ಹುಡುಗಿ ಎದುರಿನಿಂದ ತಡವರಿಸದೆ ಓದುವಳು. ಶಾಲೆಗೆಲ್ಲ ಜಾಣೆ ಇವಳೇ ಎಂದು ತಾರಾಬಾಯಿ ಒಳಗೊಳಗೇ ಹಿಗ್ಗಿದಳು.

ಪರೀಕ್ಷೆಗೆ ಬೆಳಗಾವಿಯಿಂದ ಶಾಲೆ ತಪಾಸಣೆಯ ದಿಪೋಟಿ ಸಾಹೇಬರು ಬಂದ ದಿನ ಪಡಸಾಲಿ ಖಾಲಿಯಾಗಿತ್ತು. ಬಾಳಾಸಾಹೇಬ ತಾನೇ ನಿಂತು ಕಾಡವ್ವನನ್ನು ಒಳಗೆ, ಎಲ್ಲರ ಸಾಲಿನಲ್ಲಿ ಕೂರಿಸಿದ್ದ. ಸಾಹೇಬರು ಅವಳನ್ನು ಹತ್ತಿರ ಕರೆದು ತಮ್ಮ ಮಗ್ಗುಲಲ್ಲೇ ನಿಲ್ಲಿಸಿಕೊಂಡು 'ಕಮಲ' ಎಂದು ಬರೆಯಲು ಹೇಳಿದರು.

ಹುಡುಗಿ ಬಲದಿಂದ ಎಡಕ್ಕೆ ಬರೆದಳು. ಮೂರು ಅಕ್ಷರವೂ ತಲೆಕೆಳಗು.

"ಇದೇನವಾ, ಅಕ್ಷರಾ ಶೀರ್ಷಾಸನಾ ಹಾಕ್ಯಾವಲ್ಲಾ!" ಸಾಹೇಬರು ನಕ್ಕು ಪುಸ್ತಕ ಕೊಟ್ಟರು. ಕಾಡವ್ವ ಅದನ್ನು ತಿರುಗಿಸಿ, ತಲೆಕೆಳಗಾಗಿ ಹಿಡಿದು, ಪುಟವನ್ನೆಲ್ಲ ಓದಿದಳು. ಮಕ್ಕಳು ಗೊಳ್ಳೆಂದರು. ಬರೀ ಬಾಯಿಪಾಠ ಎಂದು ಸಾಹೇಬರು ಪುಸ್ತಕ ಕಿತ್ತುಕೊಂಡರು.

ತಾರಾಬಾಯಿಗೆ ಆಗ ಹೊಳೆಯಿತು. ತಾನು ನೆಟ್ಟಗೆ ಬರೆದದ್ದನ್ನು ಹುಡುಗಿ ಇಡೀ ವರ್ಷ ಆಚೆಯಿಂದ ತಲೆಕೆಳಗಾಗಿಯೇ ನೋಡಿದ್ದಳು. ಕಂಡಂತೆ ಕಲಿತಿದ್ದಳು; ಅವಳು ತಲೆಕೆಳಗು ಬರೆದದ್ದು ಈಚೆಯಿಂದ ತನಗೆ ನೆಟ್ಟಗೆ ಕಂಡಿತ್ತು. ಪಾಟಿಯನ್ನು ಒಮ್ಮೆ, ಒಂದೇ ಒಂದು ಸಲ ಕೈಗೆತ್ತಿಕೊಂಡು ತಿರುಗಿಸಿದ್ದರೆ ಗೊತ್ತಾಗುತ್ತಿತ್ತು.

ಅಷ್ಟರಲ್ಲಿ ಸಾಹೇಬರಿಗೇ ಏನೋ ಅನುಮಾನ ಬಂತು. "ಈ ಹುಡುಗಿ ದಿನಾ ಎಲ್ಲಿ ಕುಂದರತಾಳ?"

"ಸಾಲ್ಯಾಗನ ಕುಂದರತಾಳ್ರಿ ಸಾಹೇಬ್ರ," ಎಂದ ಬಾಳಾಸಾಹೇಬ. ತಿರುಗಿ ತಾರಾಬಾಯಿಯನ್ನೇ ನೋಡಿದ. "ಹೌದಲ್ರಿ, ಅಕ್ಕೋರ?"

ಅಣ್ಣನ ಮನೆಯ ಅಕ್ಕಿಯ ಮೊರ ಅವಳ ಕಣ್ಣ ಮುಂದೆ ಬಂತು.

"ಹೌದ್ರಿ," ಎಂದಳು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಕಾಡವ್ವ ನಪಾಸು. "ನಾ ಮೊದಲ ಹೇಳಿದ್ನಿ, ಇವರ ತಲಿಗೆ ಅಕ್ಷರ ಹತ್ತೂದಿಲ್ರಿ," ಎಂದು ಬಾಳಾಸಾಹೇಬ ಸಾಹೇಬರಿಗೆ ಎಳನೀರು ಕೊಟ್ಟ. ಎಂಥ ನಾಚಿಕೆಗೇಡು! ಸರಕಾರದ ಹುಕುಂ ಕಾಗದದ ಮೇಲೆ ಕೂದಲೂ ಕೊಂಕದೆ ಉಳಿಯಿತು.

ಎರಡು ದಿನ ತಾರಾಬಾಯಿ ಪಡಸಾಲಿಯ ಕಡೆಗೆ ತಲೆ ಎತ್ತದೆ ಪಾಠ ಮಾಡಿದಳು. ಮೂರನೆಯ ದಿನ ಶಾಲೆ ಬಿಟ್ಟ ಮೇಲೆ, ಊರಿನವರು ನೋಡುತ್ತಿದ್ದಂತೆಯೇ ಕೇರಿಗೆ ನಡೆದಳು. ಸತ್ಯವ್ವ ಅಂಗಳದಲ್ಲಿ ಕಟ್ಟಿಗೆ ಒಡೆಯುತ್ತಿದ್ದಳು. ಕಾಡವ್ವ ಅಕ್ಕೋರನ್ನು ಕಂಡದ್ದೇ ಒಳಗೆ ಓಡಿದಳು.

"ಆಕಿ ದಡ್ಡಿ ಅಲ್ಲ ಸತ್ಯವ್ವಾ. ಆಕಿಗಿಂತಾ ಶಾಣ್ಯಾ ಹುಡುಗಿ ಸಾಲ್ಯಾಗ ಇಲ್ಲ. ನಾ ಹೊರಗ ಕುಂದರಿಸಿ ಕಲಿಸಿದ್ದಕ್ಕ ಆಕಿಗೆ ಅಕ್ಷರಾ ಉಲ್ಟಾ ಕಂಡಾವು. ತಪ್ಪು ನಂದು. ನಾಳಿಂದ ಕಳಸು, ಬಾಜೂಕ ಕುಂದರಿಸಿಕೊಂಡು, ಕೈ ಹಿಡಿದು ತಿದ್ದಿಸ್ತೀನಿ. ಯಾರೇನಾರ ಅನ್ನಲಿ."

ಸತ್ಯವ್ವ ಕೊಡಲಿ ಕೆಳಗಿಟ್ಟಳು. ಸಿಟ್ಟಿನಿಂದಲ್ಲ, ನಿಜಕ್ಕೂ ತಿಳಿಯದೆ ಕೇಳಿದಳು:

"ತಪ್ಪು ನಿಮ್ದಿತ್ತಂದ್ರ, ನಪಾಸ ನನ್ನ ಮಗಳು ಯಾಕ ಆದ್ಲರಿ, ಅಕ್ಕೋರ?"

ಮರುದಿನ ಬೆಳಿಗ್ಗೆ ಕಾಡವ್ವ ಅಪ್ಪನ ಹಿಂದೆ ಹೆಂಚಿನ ಭಟ್ಟಿಗೆ ಹೋದಳು.