ರತ್ನವ್ವನ ಹೆಸರು ಬರೆದವಳು ನಾನು

ಎಸ್ತೇರ, ನಿನ್ನ ಅವ್ವನಿಗೆ ಟಿ.ಬಿ. ಇದೆ ಎಂದು ಇಡೀ ಚರ್ಚಿನ ಸಭೆಗೆ ತಿಳಿಸಿದವಳು ನಾನು. ದವಾಖಾನೆಯ ನರ್ಸ್ ಅಲ್ಲ — ನಾನು.

ಆಗ ರಬಕವಿಯ ನಮ್ಮ ಚರ್ಚಿನಲ್ಲಿ ಆರಾಧನೆ ಮುಗಿದ ಮೇಲೆ ಸಭೆಯ ಆರೋಗ್ಯ ಸೇವಕಿಯಾಗಿ ಪಡಸಾಲೆಯಲ್ಲಿ ಕುರ್ಚಿ ಹಾಕಿ ಕೂರುತ್ತಿದ್ದೆ. ಬಿ.ಪಿ. ನೋಡುವುದು, ಬಹಳ ದಿನ ಕೆಮ್ಮಿದವರನ್ನು ಕಫ ಪರೀಕ್ಷೆಗೆ ಕಳಿಸುವುದು ನನ್ನ ಕೆಲಸ. ಹಾಗೆ ಕಳಿಸಿದವರಲ್ಲಿ ನಿನ್ನ ಅವ್ವ ರತ್ನವ್ವನೂ ಒಬ್ಬಳು. ರೋಗ ಗೊತ್ತಾದ ದಿನ ನನ್ನ ಕೈ ಹಿಡಿದು ಅಂದಳು, "ಅಕ್ಕೋರ, ನಿಮಗ, ನರ್ಸಬಾಯಿಗಿ ಅಷ್ಟ ಗೊತ್ತಿರ್ಲಿ. ಮಗ್ಗದ ಮಾಲಕರಿಗೆ ಸುದ್ದಿ ಮುಟ್ಟಿದ್ರ ನನ್ನ ಕೆಲಸ ಹೋಗ್ತೈತ್ರಿ."

ಆಗಲಿ ಎಂದೆ. ಮುಂದಿನ ಭಾನುವಾರವೇ ಪ್ರಾರ್ಥನೆಯ ಚೀಟಿಯಲ್ಲಿ ಅವಳ ಹೆಸರು, ಕಾಯಿಲೆ ಎರಡನ್ನೂ ಬರೆದು ಪಾಸ್ಟರರ ಕೈಗಿಟ್ಟೆ. ರೋಗಿಗಳ ಹೆಸರು ಓದಿ ಎಲ್ಲರೂ ಸೇರಿ ಪ್ರಾರ್ಥಿಸುವುದು ನಮ್ಮಲ್ಲಿ ವಾಡಿಕೆ; ಚೀಟಿ ಬರೆದವರ ಹೆಸರು ಹೇಳುವುದಿಲ್ಲ. ಅವಳ ಒಳ್ಳೆಯದಕ್ಕೇ ಬರೆದೆ ಎಂದು ವರ್ಷಗಟ್ಟಲೆ ನನಗೆ ನಾನೇ ಹೇಳಿಕೊಂಡೆ. ಸುಳ್ಳು. ಅಕ್ಕೋರ ಕಣ್ಣು ತಪ್ಪಿಸಿ ಒಂದು ರೋಗವೂ ಹೋಗದು ಎಂದು ನಾಲ್ಕು ಜನ ಹೊಗಳಲಿ ಅಂತ — ಅಷ್ಟೇ, ಎಸ್ತೇರ, ಅಷ್ಟಕ್ಕೇ.

ಪಾಸ್ಟರರು ಆ ಚೀಟಿ ಓದಿದ ದಿನವೇ ರೊಟ್ಟಿ, ದ್ರಾಕ್ಷಾರಸ ಹಂಚುವ ಕರ್ತನ ಭೋಜನವಿತ್ತು. ಕುಡಿಯಲು ಎಲ್ಲರಿಗೂ ಒಂದೇ ಬಟ್ಟಲು. ನಿನ್ನ ಅವ್ವ ಬಂದು ಮೊಣಕಾಲೂರಿದಾಗ ಅಕ್ಕಪಕ್ಕದವರು ಎದ್ದು ಹಿಂದೆ ಸರಿದರು. ಅವಳು ಬಟ್ಟಲು ಮುಟ್ಟದೆ ಎದ್ದು ನನ್ನತ್ತ ನೋಡಿದಳು. ನಾನು ಗೀತೆಯ ಪುಸ್ತಕದ ಹಾಳೆ ತಿರುವುತ್ತ ಕೂತೆ.

ಬಾಗಿಲಲ್ಲಿ ಕೇಳಿದಳು, "ಯಾರ ಹೇಳಿದ್ರಿ, ಅಕ್ಕೋರ?"

"ನರ್ಸಬಾಯಿನ ಬಾಯಿ ಬಿಟ್ಟಿರಬೇಕವಾ," ಅಂದೆ.

ಆಮೇಲೆ ಅವಳು ಆ ನರ್ಸ್ ಮುಖ ನೋಡಲಿಲ್ಲ. ದವಾಖಾನೆಯಲ್ಲಿ ಅವಳು ಕೊಡುತ್ತಿದ್ದ ಗುಳಿಗೆಗಳು ಅರ್ಧಕ್ಕೇ ನಿಂತವು. ಮುಂದಿನದು ನಿನಗೆ ಗೊತ್ತು. ಸಮಾಧಿಯ ಮುಂದೆ ನೀನು ನರ್ಸ್‌ಗೆ ಶಾಪ ಹಾಕುವಾಗ ನಿನ್ನ ಭುಜ ಹಿಡಿದು ನಿಂತಿದ್ದವಳು ನಾನೇ. ಆಗಲಾದರೂ ಹೇಳಬಹುದಿತ್ತು — ಹೇಳಲಿಲ್ಲ. ಆ ಕೈ ನೆನೆದರೆ ಇವತ್ತಿಗೂ ನನಗೇ ಹೇಸಿಗೆ.

ಈಗ ನಿನಗೂ ಕೆಮ್ಮು ಬಿಟ್ಟಿಲ್ಲವಂತೆ. "ಆ ನರ್ಸಬಾಯಿ ಇರೋ ದವಾಖಾನಿಗೆ ಸತ್ತರೂ ಹೋಗಂಗಿಲ್ಲ" ಅಂದೆಯಂತೆ.

ನಿನ್ನೆ ಆ ನರ್ಸ್ ಮನೆಗೆ ಹೋಗಿ ಎಲ್ಲ ಹೇಳಿದೆ. ಇಷ್ಟು ವರ್ಷ ಊರ ಬೈಗುಳ ತಿಂದರೂ ನಿನ್ನ ಅವ್ವನ ಕಾಯಿಲೆಯ ಮಾತನ್ನು ಯಾರೆದುರೂ ಎತ್ತದವಳು ಅವಳು. ನನ್ನನ್ನು ಬೈಯಲೂ ಇಲ್ಲ. "ಅದಿರ್ಲಿ. ಮೊದಲ ಎಸ್ತೇರನ್ನ ಕಳಸ್ರಿ," ಅಂದಳು.

ನನ್ನನ್ನು ಕ್ಷಮಿಸಬೇಡ. ಅವಳ ಹತ್ತಿರ ಹೋಗು.