ಎರಡನೆಯ ಗೆರೆಯ ಬೊಟ್ಟು

ಹಿಂದಿನ ಬೀದಿಯ ಮುಮ್ತಾಜ್ ಒಯ್ಯಲು ಬರುತ್ತಾಳೆಂದು ಬೆಳಿಗ್ಗೆ ಆಕ್ಸಿಜನ್ ಮಿಷಿನ್ ಒರೆಸುತ್ತಿದ್ದೆ. ಅವಳ ತಂದೆಗೂ ಹಳೆಯ ಉಬ್ಬಸ. ಮನೆಯಲ್ಲೇ ಆಕ್ಸಿಜನ್ ಕೊಡಿ ಎಂದು ಡಾಕ್ಟರು ಬರೆದಿದ್ದಾರೆ. ಅಳತೆಯ ಕೊಳವೆಯ ಮೇಲೆ, ಎರಡನೆಯ ಗೆರೆಯ ಪಕ್ಕ, ನನ್ನ ಕೆಂಪು ಸ್ಟಿಕ್ಕರ್ ಬೊಟ್ಟು ಇನ್ನೂ ಅಂಟಿಕೊಂಡಿತ್ತು. ಒರೆಸುವ ಕೈ ಅಲ್ಲೇ ನಿಂತಿತು.

ಮಿಷಿನ್ ನಮ್ಮ ಅತ್ತೆಯದು. ಶಿಡ್ಲಘಟ್ಟದಲ್ಲಿ ಮೂವತ್ತು ವರ್ಷ ಒಲೆಯ ಹೊಗೆಯಲ್ಲೇ ಕೂತು ರೇಷ್ಮೆಗೂಡಿನ ನೂಲು ಬಿಚ್ಚಿದವರು. ಕೊನೆಕೊನೆಗೆ ಮಂಚದಿಂದ ಬಚ್ಚಲಿಗೆ ಹೋಗುವಷ್ಟರಲ್ಲಿ ಎರಡು ಸಲ ಗೋಡೆ ಹಿಡಿಯುತ್ತಿದ್ದರು. ಆಕ್ಸಿಜನ್ ಇರುವ ಕಡೆ ಬೆಂಕಿ ಕೂಡದೆಂದು ನಾನು ದೇವರ ದೀಪವನ್ನು ಹೊರಗಿನ ಜಗಲಿಗೆ ಸಾಗಿಸಿದೆ. ದೇವರೇನೂ ಬೇಸರ ಮಾಡಿಕೊಳ್ಳಲಿಲ್ಲ.

ನನ್ನದೊಂದು ಚಾಳಿ ಇದೆ ನೋಡಿ. ಬಡಿಸುವಾಗ ಯಾರಾದರೂ ಸಾಕೆಂದರೆ ಇನ್ನೊಂದು ಸೌಟು ಹಾಕಿಯೇ ತೀರುವುದು. "ತಟ್ಟೆ ನಂದು ಕಣೇ, ಹೊಟ್ಟೇನೂ ನಂದೇ" ಎಂದು ಅತ್ತೆ ಕೈ ಅಡ್ಡ ಹಿಡಿದರೆ ಬೆರಳ ಸಂದಿಯಲ್ಲೇ ಸಾರು ಸುರಿದಿದ್ದೇನೆ.

ಒಂದು ಮಧ್ಯಾಹ್ನ ಅವರ ಏದುಸಿರು ನೋಡಲಾಗದೆ, ಎರಡರಲ್ಲಿದ್ದ ಆಕ್ಸಿಜನ್ನನ್ನು ಐದಕ್ಕೆ ಏರಿಸಿದೆ. ಏದುಸಿರು ತಗ್ಗಿತು, ಕಣ್ಣು ಮುಚ್ಚಿದರು. ಎಷ್ಟು ದಿನಕ್ಕೆ ನೆಮ್ಮದಿಯ ನಿದ್ದೆ ಎಂದು ಜಗಲಿಗೆ ಹೋಗಿ ಕೈ ಮುಗಿದೆ.

ವಾರಕ್ಕೊಮ್ಮೆ ನೋಡಲು ಬರುತ್ತಿದ್ದ ನರ್ಸಮ್ಮ ಆಗಲೇ ಬಂದದ್ದು ಆ ದೇವರ ದಯೆ. ಹೆಸರು ಹಿಡಿದು ಕರೆದರು, ಅತ್ತೆ ಏಳಲಿಲ್ಲ.

"ಯಾರು ಜಾಸ್ತಿ ಮಾಡಿದ್ದು?"

"ನಾನೇ. ಚೆನ್ನಾಗಿ ಮಲಗಿದ್ದಾರಲ್ಲ."

"ಇದು ನಿದ್ದೆ ಅಲ್ಲಮ್ಮ, ಮಂಪರು. ಈ ಕಾಯಿಲೆಯೋರಿಗೆ ಆಕ್ಸಿಜನ್ ಜಾಸ್ತಿ ಆದ್ರೆ ಕೆಟ್ಟ ಗಾಳಿ ಒಳಗೇ ನಿಂತ್ಕೊಳ್ಳುತ್ತೆ. ಬೆರಳಿನ ಮಿಷಿನ್ನಲ್ಲಿ ತೊಂಬತ್ತು ಬಂದ್ರೆ ಇವರಿಗೆ ಸಾಕು. ನೂರು ಬೇಡ." ಮಾತಾಡುತ್ತಲೇ ಎರಡಕ್ಕೆ ಇಳಿಸಿ, ದಿಂಬು ಕೊಟ್ಟು ಎತ್ತಿ ಕೂರಿಸಿ, ಆಂಬುಲೆನ್ಸಿಗೆ ಫೋನ್ ಮಾಡಿದರು.

ಚಿಕ್ಕಬಳ್ಳಾಪುರದ ಆಸ್ಪತ್ರೆಯಲ್ಲಿ ಮೂರು ದಿನ. ಮನೆಗೆ ಬಂದ ಅತ್ತೆ ಬೈಯಲಿಲ್ಲ. "ನಿನ್ನ ಬೊಟ್ಟೊಂದು ತಂದು ಎರಡರ ಹತ್ರ ಅಂಟಿಸು. ಅದನ್ನ ದಾಟಿ ಬಡಿಸಬೇಡ ಕಣಮ್ಮ" ಅಂದರು. ಆಮೇಲೆ ಒಂದೂವರೆ ವರ್ಷ ಇದ್ದರು. ಅಷ್ಟೂ ದಿನ ದೇವರು ನನಗೆ ಹೆಚ್ಚಿಗೆ ಕೊಟ್ಟದ್ದು. ಈಗಲೂ ಸಾರು ಕುದಿಯುವಾಗ, ಆ ಅಡ್ಡ ಹಿಡಿದ ಕೈ ಒಮ್ಮೆ ಬರಬಾರದೇ ಅನ್ನಿಸುತ್ತದೆ.

ಮುಮ್ತಾಜ್ ಬಂದಳು.

"ನಿಮ್ಮ ಅಬ್ಬಾಗೆ ಎಷ್ಟು ಬರೆದಿದ್ದಾರಮ್ಮ?"

"ಒಂದು, ಅಕ್ಕ."

ಹಳೆಯ ಬೊಟ್ಟನ್ನು ಉಗುರಿನಿಂದ ಮೆಲ್ಲಗೆ ಎಬ್ಬಿಸಿದೆ. ಹೊಸದೊಂದನ್ನು ಒಂದರ ಪಕ್ಕ ಅಂಟಿಸಿ, ಹಳೆಯದನ್ನು ದೇವರ ಗೂಡಿನಲ್ಲಿಟ್ಟೆ. ನನ್ನ ತಪ್ಪನ್ನೂ, ನರ್ಸಮ್ಮ ಹೇಳಿದ್ದನ್ನೂ ಬಿಡದೆ ಹೇಳಿದೆ.

ಹೊರಡುವ ಮುಂಚೆ ಉಪ್ಪಿಟ್ಟು ಬಡಿಸಿದೆ. ಇನ್ನೊಂದು ಸೌಟು ಎತ್ತಿದಾಗ ಅವಳು ತಟ್ಟೆಗೆ ಕೈ ಅಡ್ಡ ಹಿಡಿದಳು.

"ಸಾಕು, ಅಕ್ಕ."

ಸೌಟನ್ನು ಪಾತ್ರೆಯಲ್ಲೇ ಇಟ್ಟೆ.